ಭೂಮಿ ಯೋಜನೆ ಮತ್ತು ಪಹಣಿ ಮಾಹಿತಿ

ಸೇಡಂ, ಚಿತ್ತಾಪುರ ಹಾಗೂ ಚಿಂಚೋಳಿ ತಾಲ್ಲೂಕುಗಳ ಜಮೀನಿನ ವಿವರಗಳು ಹಿಂದೆ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಮಾತ್ರ ಇರುತ್ತಿದ್ದವು. ಲೆಕ್ಕಿಗರು ಸಿಗದಿದ್ದಲ್ಲಿ ಪಹಣಿಯಿಲ್ಲ. ಪಹಣಿಯಿಲ್ಲದೆ ಬೆಳೆ ಸಾಲವೂ ಇಲ್ಲ. ಈ ಭಾಗವು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಹಳೆಯ ಉರ್ದು ದಾಖಲೆಗಳನ್ನು ಓದಿ ಹೇಳುವವರನ್ನೂ ರೈತರೇ ಹುಡುಕಬೇಕಾಗುತ್ತಿತ್ತು.

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿತು. ತಿದ್ದುಪಡಿ ಮಾಡುವ ಸಿಬ್ಬಂದಿಯ ಬೆರಳಚ್ಚು ಪಡೆಯುವ ವ್ಯವಸ್ಥೆಯಿದ್ದುದರಿಂದ, ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ದಾಖಲಾಗತೊಡಗಿತು. ಆರಂಭದಲ್ಲಿ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯುತ್ತಿತ್ತು. ಈಗ ಅಂತರ್ಜಾಲದಲ್ಲಿಯೂ ನೋಡಬಹುದಾಗಿದೆ. ವಾಡಿ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಇದ್ದು, ಶಹಾಬಾದ್ ಪ್ರತ್ಯೇಕ ತಾಲ್ಲೂಕಾಗಿರುವುದನ್ನು ಹುಡುಕುವಾಗ ಗಮನಿಸತಕ್ಕದ್ದು.

ಆದಾಗ್ಯೂ, ಗಣಕಯಂತ್ರವು ತನಗೆ ಒದಗಿಸಿದ ಮಾಹಿತಿಯನ್ನಷ್ಟೇ ತಿಳಿಸುತ್ತದೆ. ಕೈಬರಹದ ಪಹಣಿಯಲ್ಲಿದ್ದ ತಪ್ಪು ಮುದ್ರಿತ ಪಹಣಿಗೂ ಬಂದಿರಬಹುದು. ಖಾತೆದಾರರು ತೀರಿಕೊಂಡ ವಿಷಯ ಇಡೀ ಊರಿಗೆ ತಿಳಿದಿದ್ದರೂ, ವಾರಸುದಾರರು ಪೌತಿ ಖಾತೆಗೆ ಅರ್ಜಿ ಸಲ್ಲಿಸದ ಹೊರತು ಪಹಣಿಯಲ್ಲಿ ಮೃತರ ಹೆಸರೇ ಮುಂದುವರಿಯುತ್ತದೆ. ಸಾಲ, ಬೆಳೆ ಪರಿಹಾರದ ಸಂದರ್ಭದಲ್ಲಿ ಇದರಿಂದ ತೊಡಕಾಗುತ್ತದೆ. ಆದ್ದರಿಂದ ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ಪರಿಶೀಲಿಸಿ, ವ್ಯತ್ಯಾಸವಿದ್ದಲ್ಲಿ ಮೂಲ ದಾಖಲೆಯ ಪ್ರತಿಯೊಂದಿಗೆ ತಾಲ್ಲೂಕು ಕಚೇರಿಗೆ ಅರ್ಜಿ ಸಲ್ಲಿಸಬೇಕು.