ದಂಡಿನ ಆಟ, ನಮ್ಮವರ ಗೆಲುವು

ಕಬಡ್ಡಿ, ಕೊಕ್ಕೊ, ವಾಲಿಬಾಲ್ ಎಂದರೆ ನಮ್ಮ ಕಡೆಯ ಮಕ್ಕಳು ಕುಣಿದಾಡುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿಯ ಕ್ರೀಡಾಕೂಟಕ್ಕೆ ಹೋದರೂ ನಾನು ಕಂಡದ್ದು ಇದನ್ನೇ. ಫುಟ್‌ಬಾಲ್ ಮಾತ್ರ ನಮ್ಮಲ್ಲಿ ಅಷ್ಟಾಗಿ ಬೇರೂರಲಿಲ್ಲ. ಇತಿಹಾಸ ಪಾಠ ಮಾಡಿದವನಾದ ನನಗೆ ಇದರ ಕಾರಣ ಹುಡುಕುವ ಆಸೆ. ಹುಡುಕುತ್ತಾ ಹೋದರೆ ದಾರಿ ಸೈನ್ಯದ ಬಿಡಾರಕ್ಕೆ ಹೋಗಿ ಮುಟ್ಟುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ದುರ್ಗದಲ್ಲೂ ಬ್ರಿಟಿಷರ ಪಡೆ ಕೆಲಕಾಲ ಬೀಡುಬಿಟ್ಟಿತ್ತು. ಇಲ್ಲಿನ ಹವೆ ಒಗ್ಗದೆ ಅವರು ಜಾಗ ಖಾಲಿ ಮಾಡಿದರು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಸ್ಥಾಪನೆಯಾಯಿತು. ಫುಟ್‌ಬಾಲಿಗೆ ಲಂಡನ್ನಿನಲ್ಲಿ ನಿಯಮ ಬರೆದದ್ದು 1863ರಲ್ಲಿ. ಆ ಹೊತ್ತಿಗೆ ಸೈನಿಕರು ಇದ್ದದ್ದು ಬೆಂಗಳೂರಿನಲ್ಲಿ, ದುರ್ಗದಲ್ಲಲ್ಲ. ಹೀಗಾಗಿ ಚೆಂಡೂ ಅಲ್ಲಿಗೇ ಬಂತು. ದಂಡಿನ ಸುತ್ತಲಿನ ಹುಡುಗರಿಗೆ ಸೈನಿಕರ ಆಟ ಕಣ್ಣೆದುರಿಗೇ ಇತ್ತು.

ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಪಂದ್ಯಾವಳಿ ಆರಂಭವಾಯಿತು. ಮೊದಲ ವರ್ಷ ಗೆದ್ದದ್ದು ವೋರ್ಸೆಸ್ಟರ್‌ಷೈರ್ ರೆಜಿಮೆಂಟ್. ಆಮೇಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಭಾರತೀಯರ ಒಂದು ತಂಡಕ್ಕೂ ಆ ಕಪ್ ದಕ್ಕಲಿಲ್ಲ. 1937ರಲ್ಲಿ ಆ ಸಾಲನ್ನು ಮುರಿದವರು ನಮ್ಮ ಮೈಸೂರು ಸೀಮೆಯವರು. ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು ಫೈನಲ್‌ನಲ್ಲಿ ಸೋಲಿಸಿತು. ಸೋತವರು ಸಾಮಾನ್ಯರಲ್ಲ; 1934ರಿಂದ ಸತತವಾಗಿ ಕಲ್ಕತ್ತಾ ಲೀಗ್ ಗೆಲ್ಲುತ್ತಿದ್ದವರು. ಮರುವರ್ಷ, 1938ರಲ್ಲಿ, ಎದುರಿಗೆ ನಿಂತದ್ದು ಆರ್ಗಿಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟಿಷ್ ಪಡೆ. ಅದನ್ನೂ ಮಣಿಸಿ ಕಪ್ ಉಳಿಸಿಕೊಂಡರು. ದಂಡಿನವರ ಆಟವನ್ನು ನೋಡಿ ಕಲಿತ ಊರಿನ ತಂಡ ದಂಡಿನವರನ್ನೇ ಗೆದ್ದಿತ್ತು.

ಅಲ್ಲಿಂದ ಮುಂದೆ ಹೆಸರು ಬೆಳೆಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಬಹುತೇಕ ಬರಿಗಾಲಲ್ಲಿ ಆಡಿದ ಭಾರತ 2-1ರಿಂದ ಸೋತಿತು. ನಮ್ಮ ಆ ಒಂದು ಗೋಲು ಹೊಡೆದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ಮೈಸೂರು ತಂಡ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. 1968-69ರ ನಂತರ ಆ ಟ್ರೋಫಿಗಾಗಿ ನಾವು 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಗೆದ್ದಿತು. ಅದಕ್ಕೂ ಮುಂಚೆ ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಸೈನ್ಯದವರ ಸರ್ವಿಸಸ್ ತಂಡವನ್ನೇ.

ಈ ಚರಿತ್ರೆಯನ್ನು ನಾನು ಇಲ್ಲಿ ಬರೆದದ್ದಕ್ಕೆ ಕಾರಣವಿದೆ. ಸೈನಿಕರಿಗೆ ಇದ್ದದ್ದು ಮೂರು ಅನುಕೂಲ: ಸಮತಟ್ಟಾದ ಮೈದಾನ, ದಿನವೂ ಆಡಲು ಸಮಯ, ಎದುರಾಡಲು ಇನ್ನೊಂದು ತಂಡ. ಇವು ಸಿಕ್ಕಾಗ ನಮ್ಮವರೂ ಗೆದ್ದರು. ಒಂದೇ ಚೆಂಡಿನಲ್ಲಿ ಇಪ್ಪತ್ತೆರಡು ಮಕ್ಕಳು ಆಡಬಹುದಾದ ಆಟವಿದು; ಬಡವರ ಮಕ್ಕಳು ಓದುವ ಸರ್ಕಾರಿ ಶಾಲೆಗೆ ಇದಕ್ಕಿಂತ ಒಪ್ಪುವ ಆಟ ಯಾವುದು?

ಸುವರ್ಣ ಮಹೋತ್ಸವದ ನೆನಪಿಗೆ ಹೊಸ ಕಟ್ಟಡದ ಮಾತು ನಡೆಯುತ್ತಿದೆ. ಕೊಠಡಿಗಳು ಬೇಕು, ನಿಜ. ಆದರೆ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ಅರಿಕೆ: ಅವು ಮೈದಾನದ ಅಂಚಿನಲ್ಲಿ ಏಳಲಿ, ನಡುವೆ ಬೇಡ. ಉಳಿದ ಹಣದಲ್ಲಿ ಎರಡು ಗೋಲ್ ಕಂಬ ನೆಡಿಸಿ, ಕಲ್ಲು ಆರಿಸಿ ನೆಲ ಸಮ ಮಾಡಿಸಿ. ಸಂಜೆಯ ಹೊತ್ತು ಹುಡುಗರಿಗೂ ಹುಡುಗಿಯರಿಗೂ ಗೇಟು ತೆರೆದಿರಲಿ.