ಸನ್ನತಿಯ ಶಿಲೆ, ಮಳಖೇಡದ ನುಡಿ

ಮುಂದಾಳಾದವನಿಗೆ ಮಾತುಗಾರಿಕೆ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಎಂತಹ ಮಾತು ಬೇಕೆಂಬಲ್ಲಿ ಮಾತ್ರ ಎಡವುತ್ತೇವೆ. ಉತ್ತರವನ್ನು ಅರಸಿ ಅಥೆನ್ಸಿಗೋ ರೋಮಿಗೋ ಹೋಗಬೇಕಾದುದಿಲ್ಲ. ಚಿತ್ತಾಪುರ, ಸೇಡಂ ತಾಲ್ಲೂಕುಗಳ ನೆಲದಲ್ಲಿಯೇ ಅದು ದೊರೆಯುತ್ತದೆ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾತೀರದ ಕ್ಷೇತ್ರ. ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ 1980ರ ದಶಕದಲ್ಲಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ತಿಳಿದುಬಂದಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಮೂರ್ತಿಯನ್ನು ನಿಲ್ಲಿಸಲು ನಡುವೆ ಕುಳಿ ಕೊರೆದುದರಿಂದ ಕೆಲವು ಅಕ್ಷರಗಳು ಅಳಿದುಹೋಗಿವೆ. ಉಳಿದುದರಲ್ಲಿ ಹನ್ನೆರಡನೆಯ ಬಂಡೆಶಾಸನದ ಭಾಗವಿದೆ. ಒಡಿಶಾದ ಧೌಲಿ, ಜೌಗಡಗಳಲ್ಲಿ ಕಾಣುವ ಪ್ರತ್ಯೇಕ ಶಾಸನಗಳ ಭಾಗಗಳೂ ಇವೆ.

ಹನ್ನೆರಡನೆಯ ಶಾಸನ ಹೇಳುವುದು ನಾಲಗೆಯ ಸಂಯಮವನ್ನು. ಸಂದರ್ಭವಿಲ್ಲದೆ ತನ್ನ ಪಂಥವನ್ನು ಹೊಗಳಿ ಪರಪಂಥವನ್ನು ಹಳಿಯಬಾರದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ಬಹುಶ್ರುತರಾಗಬೇಕು ಎಂಬುದು ಅದರ ತಾತ್ಪರ್ಯ. ಪ್ರತ್ಯೇಕ ಶಾಸನವು ಅಧಿಕಾರಿಗಳಿಗೆ ಅಸೂಯೆ, ಕೋಪ, ನಿಷ್ಠುರತೆ, ಆತುರಗಳನ್ನು ಬಿಡಲು ಆಜ್ಞಾಪಿಸುತ್ತದೆ. ಅದನ್ನು ಪುಷ್ಯ ನಕ್ಷತ್ರದ ದಿನ ಜನರಿಗೆ ಓದಿ ಕೇಳಿಸಬೇಕು. ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಕೇಳಿಸಬಹುದು. ಒಬ್ಬನೇ ಕೇಳುಗನಿದ್ದರೆ ಇಂದಿನ ಯಾವ ಭಾಷಣಕಾರನು ವೇದಿಕೆ ಹತ್ತುತ್ತಾನೆ?

ಸುಮಾರು ಸಾವಿರದ ನೂರು ವರ್ಷಗಳ ತರುವಾಯ, ಕಾಗಿಣಾ ದಂಡೆಯ ಮಳಖೇಡದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಕವಿರಾಜಮಾರ್ಗವನ್ನು ರಚಿಸಿದನು. ಕನ್ನಡ ನಾಡಿನ ಜನರನ್ನು ಅವನು ಹೊಗಳುವುದು ಶೌರ್ಯಕ್ಕಾಗಿ ಮಾತ್ರವಲ್ಲ. ಹದವರಿತು ಆಡಬಲ್ಲರು, ಆಡಿದುದನ್ನು ಅರಿತು ವಿಚಾರಿಸಬಲ್ಲರು ಎಂಬುದಕ್ಕಾಗಿ. ಆಡುವುದರ ಜೊತೆಗೇ ಅರಿಯುವುದನ್ನೂ ಇಟ್ಟಿರುವುದನ್ನು ತಾವು ಗಮನಿಸಬೇಕು. ಪರರ ವಿಚಾರವನ್ನೂ ಪರಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತೆಂದು ಅದೇ ಗ್ರಂಥ ಹೇಳುತ್ತದೆ. ಸನ್ನತಿಯ ಶಿಲೆಯನ್ನು ಶ್ರೀವಿಜಯ ಓದಿರಲಿಕ್ಕಿಲ್ಲ. ಆದರೂ ಎರಡರ ಭಾವ ಒಂದೇ.

ಇಂತಹ ನೆಲದಲ್ಲಿ ಕನ್ನಡದ ಬಾಯಿ ಕಟ್ಟಿದ ಕಾಲವೂ ಬಂದಿತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು; 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ; ಸಾರ್ವಜನಿಕ ಸಭೆಗೆ ಸರಕಾರದ ಅಪ್ಪಣೆ ಬೇಕು. 1948ರ ಸೆಪ್ಟೆಂಬರಿನವರೆಗೂ ಹೀಗೆಯೇ ನಡೆಯಿತು. ನಮ್ಮ ಭಾಗದ ಹಿರಿಯರು ಸಭೆಯಲ್ಲಿ ಎದ್ದು ನಿಲ್ಲಲು ಸಂಕೋಚಪಡುತ್ತಿದ್ದುದಕ್ಕೆ ಇದೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ. ಆ ಕಾಲದಲ್ಲಿ ಬೆಳೆದ ಚಿಂಚೋಳಿಯ ವೀರೇಂದ್ರ ಪಾಟೀಲರು (1924-1997) ಎರಡು ಸಲ ಮುಖ್ಯಮಂತ್ರಿಗಳಾದರು. ಹೆಸರು ಗಳಿಸಿದುದು ದಕ್ಷ ಆಡಳಿತದಿಂದ. ಹಾಗಾದರೆ ಮಾತು ಬೇಡವೇ ಎಂದು ತಾವು ಕೇಳಬಹುದು. ಆಡಳಿತವೂ ಮಾತೇ, ಕೆಳಗಿನ ನೌಕರನಿಗೆ ತಿಳಿಯದ ಆಜ್ಞೆ ಕಾಗದದಲ್ಲಿಯೇ ಉಳಿಯುತ್ತದೆ.

ನಮ್ಮದೇ ಒಂದು ತಪ್ಪನ್ನು ಹೇಳಬೇಕು. ವಾಡಿ, ಶಹಾಬಾದ ಕಡೆಯ ಜನರ ಮಾತಿನಲ್ಲಿ ಕನ್ನಡ, ಉರ್ದು, ತೆಲುಗು ಬೆರೆತಿರುತ್ತವೆ. ಅಲ್ಲಿಯ ಫರಸಿ ಕಲ್ಲಿನ ಗಣಿಯ ಕೆಲಸಗಾರರ ಮುಂದೆ ನಾವೊಮ್ಮೆ ಗ್ರಂಥಸ್ಥ ಭಾಷೆಯಲ್ಲಿ ಒಂದು ತಾಸು ಪ್ರವಚನ ಮಾಡಿದೆವು. ಮುಗಿದ ಮೇಲೆ ವೃದ್ಧರೊಬ್ಬರು ನಮಸ್ಕರಿಸಿ, "ಅಪ್ಪಾವ್ರೆ, ಭಾಳ ಚಲೋ ಹೇಳಿದ್ರಿ. ಮನ್ಯಾಗ ಏನ್ ಹೇಳಿದ್ರಂತ ಕೇಳಿದ್ರ ನಾ ಏನ್ ಹೇಳ್ಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮರುವರ್ಷ ಹೋದಾಗ ಮೊದಲು ಅವರ ಬಳಿ ಕುಳಿತು, ಕಲ್ಲು ಸೀಳುವ ಬಗೆಯನ್ನು ಕೇಳಿ ತಿಳಿದೆವು. ಪ್ರವಚನ ಅಂದು ಅಲ್ಲಿಂದಲೇ ಆರಂಭವಾಯಿತು.