ಚೆರ್ನಿ, ಕಾರ್ಲ್
ಚೆರ್ನಿ, ಕಾರ್ಲ್ (1791-1857): ಆಸ್ಟ್ರಿಯದ ಪಿಯಾನೊ ವಾದಕ, ಸಂಗೀತ ರಚನಕಾರ, ಶಿಕ್ಷಕ. ಜನನ ವಿಯೆನ್ನಾದಲ್ಲಿ, ಬೊಹಿಮಿಯ ಮೂಲದ ಸಂಗೀತಗಾರರ ಮನೆಯಲ್ಲಿ. ತಂದೆ ವೆನ್ಜೆಲ್ ಮೊದಲ ಗುರು. ಹತ್ತು ವರ್ಷದ ಆಸುಪಾಸಿನಲ್ಲಿ ಬೆಥೋವನ್ ಎದುರು ನುಡಿಸಿ ಅವನ ಶಿಷ್ಯನಾದ. ಮೊದಲ ಪಾಠಗಳಲ್ಲಿ ಬೆಥೋವನ್ ಅವನಿಂದ ಬರೀ ಸ್ವರಶ್ರೇಣಿಗಳನ್ನೇ ಅಭ್ಯಾಸ ಮಾಡಿಸಿದ. ಕೈಯ ನಿಲುವು, ಬೆರಳುಗಳ ಇರಿಸು, ಮುಖ್ಯವಾಗಿ ಹೆಬ್ಬೆರಳಿನ ಬಳಕೆಯನ್ನು ತಿದ್ದಿದ. ಚೆರ್ನಿಯ ಬೋಧನೆಯ ತಳಹದಿ ಇದೇ. 1812ರಲ್ಲಿ ಗುರುವಿನ ಐದನೆಯ ಪಿಯಾನೊ ಕನ್ಚೆರ್ಟೊವನ್ನು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಿದ. ಆದರೂ ವೇದಿಕೆಯ ಬದುಕು ಅವನಿಗೆ ಒಗ್ಗಲಿಲ್ಲ. ಹದಿಹರೆಯದಲ್ಲೇ ಹಿಡಿದ ಪಾಠದ ಕೆಲಸವೇ ಬದುಕಾಯಿತು. ಬಾಲಕ ಫ್ರಾಂಜ್ ಲಿಸ್ಟ್‌ಗೆ ಹಣ ಪಡೆಯದೆ ಕಲಿಸಿದ. ಆ ಋಣವನ್ನು ಮರೆಯದ ಲಿಸ್ಟ್, 1852ರಲ್ಲಿ ಪ್ರಕಟವಾದ ತನ್ನ ‘ಟ್ರಾನ್ಸೆಂಡೆಂಟಲ್ ಎಟ್ಯೂಡ್’ಗಳನ್ನು ಗುರುವಿಗೆ ಅರ್ಪಿಸಿದ. ಲೆಶೆಟಿಟ್ಸ್‌ಕಿ ಇನ್ನೊಬ್ಬ ಹೆಸರಾಂತ ಶಿಷ್ಯ. ಚೆರ್ನಿಯ ಕೃತಿಸಂಖ್ಯೆ 861ರವರೆಗೆ ಸಾಗುತ್ತದೆ. ಸಿಂಫನಿ, ಮಾಸ್, ಸೊನಾಟಾಗಳಿದ್ದರೂ ಅಭ್ಯಾಸಪಾಠಗಳ ಹೆಸರಿನಡಿ ಅವು ಮುಚ್ಚಿಹೋದವು. ಇದು ಅವನಿಗಾದ ಅನ್ಯಾಯವೇ ಸರಿ. ಬೆಥೋವನ್ ಕೃತಿಗಳನ್ನು ನುಡಿಸುವ ಕ್ರಮದ ಬಗ್ಗೆ ಅವನು ಬರೆದಿಟ್ಟ ವಿವರಗಳು ಅಮೂಲ್ಯ. ವೇಗಸಾಧನೆಯ ಪಾಠಗಳು (ಕೃತಿ 299) ಇಂದಿಗೂ ಜಗತ್ತಿನಾದ್ಯಂತ ಪಿಯಾನೊ ವಿದ್ಯಾರ್ಥಿಗಳ ಅಭ್ಯಾಸದಲ್ಲಿವೆ.